‘ದೊಡ್ಡದಾಗೇದ’ ಎಂಬ ಒಂದು ಮಾತು

ರಾಯಚೂರು
೨ ಫೆಬ್ರುವರಿ ೨೦೨೫, ಭಾನುವಾರ

ಪ್ರೀತಿಯ ಸೂಫಿಯಾ,

ನೀನು, ಮಕ್ಕಳು ಚೆನ್ನಾಗಿದ್ದೀರಿ, ನಿಮ್ಮ ಅಬ್ಬಾ ಗುಡುಸಾಬ ಕಾಕಾ ಈಗಲೂ ಬೆಳಿಗ್ಗೆ ಎದ್ದು ಓಣಿಯ ಕೊನೆಯವರೆಗೆ ನಡೆದು ಬರುತ್ತಾರೆ ಎಂದುಕೊಂಡು ಈ ಪತ್ರ ಶುರು ಮಾಡಿದ್ದೇನೆ. ದಸರೆಯ ಹೊತ್ತಿಗೆ ನೀನು ಬರೆದದ್ದಕ್ಕೆ ಉತ್ತರ ಕೊಡಲು ನಾಲ್ಕು ತಿಂಗಳು ತೆಗೆದುಕೊಂಡೆ. ಕಾಲೇಜಿನ ಪರೀಕ್ಷೆ, ತಿದ್ದಬೇಕಾದ ಉತ್ತರ ಪತ್ರಿಕೆ, ಅತ್ತೆಯ ಮಂಡಿನೋವು ಎಂದು ನೆವ ಹೇಳಬಹುದು. ನಿಜವೆಂದರೆ, ಕೂತಾಗಲೆಲ್ಲ ಎರಡು ಸಾಲಿಗೇ ಪೆನ್ನು ನಿಲ್ಲುತ್ತಿತ್ತು. ಗದ್ವಾಲ ಏನು ದೂರ, ಒಂದು ಫೋನ್ ಮಾಡಬಾರದಿತ್ತೇ ಎನ್ನುತ್ತೀ. ನನಗೂ ಫೋನಿಗೂ ಆಗಿಬರುವುದಿಲ್ಲವೆಂದು ನಿನಗೆ ಗೊತ್ತು. ಊರೆಲ್ಲ ಅಂಗೈಯಲ್ಲಿ ಮಾತಾಡುವ ಈ ಕಾಲದಲ್ಲೂ ನಾವಿಬ್ಬರು ಅಂಚೆಯವನಿಗೆ ಕಾಯುವವರು.

ಈಗ ಸುದ್ದಿ. ಮಾನ್ವಿಯಲ್ಲಿ ನಮ್ಮ ಅಪ್ಪನ ರೈಸ್ ಮಿಲ್ಲಿನ ಹಿಂದಿದ್ದ ಶೆಡ್ಡು ನೆನಪಿದೆಯಲ್ಲ? ಮಿಲ್ಲು ಮುಚ್ಚಿದ ಮೇಲೆ ಅಲ್ಲಿ ಪಾರಿವಾಳ ಬಿಟ್ಟರೆ ಯಾರೂ ಇರಲಿಲ್ಲ. ಹೋದ ವರ್ಷ ಮಿಲ್ಲಿನ ಹಳೆಯ ಫಿಟ್ಟರ್ ರೇವಣಸಿದ್ದಣ್ಣ ರಾಯಚೂರಿನ ನಮ್ಮ ಮನೆಗೇ ಬಂದ. ಚಹಾ ಕುಡಿದು, ಕಪ್ಪು ಕೆಳಗಿಟ್ಟು, “ದೇವಕ್ಕಾ, ಆ ಶೆಡ್ಡಿನ ಕೀಲಿ ಕೊಡು,” ಎಂದ.

“ಯಾಕಣ್ಣಾ?”

“ಬೆಂಕಿ ದಂಡಿನ್ಯಾಗ ಹದಿನೆಂಟು ಮಂದಿ ಇದ್ದಿವಿ. ಈಗ ಊರಾಗ ಏಳು ಮಂದಿ ಉಳದೀವಿ. ನಾವೂ ಹೋದ್ವಿ ಅಂದ್ರ ಆ ಪಂಪು, ಪೈಪು ಎಲ್ಲಾ ಗುಜರಿಯವಗ ಹೋಗ್ತಾವ. ಅದಕ್ಕ ಒಂದು ಮ್ಯೂಜಿಯಂ ಮಾಡೋಣು ಅಂತ.”

ಹೀಗೆ ಶುರುವಾಯಿತು. ಗೋಡೆಗೆ ಹಾಕುವ ಹಲಗೆಗೆಂದು ನಾನೇ ಬರೆದ ಸಾಲುಗಳು ಬಾಯಿಪಾಠವಾಗಿವೆ, ನಿನಗೆ ಗೊತ್ತಿರುವುದೇ ಆದರೂ ಕೇಳು: “ಆಗ ಮಾನ್ವಿಯ ಸುತ್ತಲಿನ ಹಳ್ಳಿಗಳಲ್ಲಿ ಬೆಂಕಿ ಬಿದ್ದರೆ ಸರ್ಕಾರದ ಬೆಂಕಿ ಬಂಡಿ ದೂರದಿಂದ ಬರಬೇಕಿತ್ತು. ಬರುವಷ್ಟರಲ್ಲಿ ಬಣವೆ ಬೂದಿಯಾಗುತ್ತಿತ್ತು. ಅದಕ್ಕೆ ಮಿಲ್ಲಿನ ಡ್ರೈವರುಗಳು, ಹಮಾಲರು, ಫಿಟ್ಟರುಗಳು ಸೇರಿ ತಮ್ಮದೇ ದಂಡು ಕಟ್ಟಿಕೊಂಡರು. ಜೀಪಿಗೆ ಕಟ್ಟಿದ ಪಂಪು ಒಂದು, ಟ್ರ್ಯಾಕ್ಟರಿಗೆ ಕಟ್ಟಿದ ನೀರಿನ ಟ್ಯಾಂಕು ಒಂದು. ಸೈರನ್ ಕೂಗಿದರೆ ಉಣ್ಣುತ್ತಿದ್ದವರೂ ತಾಟು ಬಿಟ್ಟು ಓಡುತ್ತಿದ್ದರು.” ಇನ್ನೂ ಉದ್ದ ಬರೆದಿದ್ದೆ. ರೇವಣಸಿದ್ದಣ್ಣ ಓದಿ, “ಅಕ್ಕಾ, ಇದನ್ನ ಓದಿ ಮುಗಿಸೋದ್ರಾಗ ಬೆಂಕಿ ತಾನಾ ಆರ್ತದ, ಸಣ್ಣದು ಮಾಡು,” ಎಂದ. ಎಂ.ಎ. ಓದಿದವಳೆಂದು ಚೀಟಿಗಳನ್ನೆಲ್ಲ ಬರೆಯುವ ಕೆಲಸ ನನ್ನದು. ಪ್ರತಿ ಭಾನುವಾರ ಬಸ್ಸಿಗೆ ಹೋಗಿ ಬರುತ್ತೇನೆ.

ಸಾಮಾನು ಒಂದೊಂದಾಗಿ ಬರುತ್ತಿವೆ. ದೇವದುರ್ಗದಿಂದ ಪೈಪಿನ ಹಿತ್ತಾಳೆ ಮೂತಿ ಸಿಕ್ಕಿತು. ಗಬ್ಬೂರಿನ ಒಬ್ಬ ಮುದುಕಿ ಬಾವಿಯಿಂದ ನೀರೆತ್ತುವ ತೊಗಲಿನ ಚೀಲ ಕೊಟ್ಟು, “ಇದರಾಗ ನೀರು ಹೊತ್ತು ನಮ್ಮಪ್ಪ ಏಳು ಬಣವಿ ಆರಿಸ್ಯಾನ, ಜ್ವಾಕಿ,” ಎಂದು ಬಸ್ಸಿನ ಮೆಟ್ಟಿಲವರೆಗೂ ಬಂದಳು. ರೇವಣಸಿದ್ದಣ್ಣನ ಮಗಳು ಕಾವ್ಯಾ ಐ.ಟಿ.ಐ.ಯಲ್ಲಿ ವೈರಿಂಗ್ ಕಲಿಸುತ್ತಾಳೆ, ಅವಳು ಸೈರನ್ನಿಗೆ ಮತ್ತೆ ಜೀವ ತಂದಿದ್ದಾಳೆ. ನಮ್ಮ ಪಡಸಾಲೆಯಲ್ಲಿದ್ದ ಕರಿ ಫೋನನ್ನೂ ಒಂದು ಮೇಜಿನ ಮೇಲೆ ಇಟ್ಟಿದ್ದಾರೆ. ಗುಂಡಿ ಒತ್ತಿದರೆ ಅದು ಟ್ರಿಣ್ ಟ್ರಿಣ್ ಎನ್ನುವಂತೆ ಮಾಡುತ್ತೇನೆ, ಶಾಲೆ ಮಕ್ಕಳಿಗೆ ಮಜಾ ಬರುತ್ತದೆ ಎಂದಳು ಕಾವ್ಯಾ. ಬೇಡವ್ವಾ, ಹಳೇ ತಂತಿ, ಶಾಕ್ ಹೊಡೆದೀತು ಎಂದೆ. “ಅಕ್ಕಾರ, ಇದು ಬ್ಯಾಟರಿ ಮ್ಯಾಲ ನಡೀತದ್ರಿ, ಇರಿವಿಗೂ ಹೊಡಿಯಂಗಿಲ್ಲ,” ಎಂದು ನಕ್ಕಳು. ನಾನು ನಗಲಿಲ್ಲ. ಗಂಟೆ ಬೇಡವೇ ಬೇಡ ಎಂದು ಹಟ ಮಾಡಿದೆ. ಅವಳು ನನ್ನ ಮುಖ ನೋಡಿ ತಂತಿ ಸುತ್ತಿಟ್ಟಳು.

ಏಪ್ರಿಲ್ ಇಪ್ಪತ್ತಕ್ಕೆ, ಅಗ್ನಿಶಾಮಕ ಸಪ್ತಾಹದ ಕೊನೆಯ ದಿನ, ಬಾಗಿಲು ತೆರೆಯಬೇಕೆಂದಿದೆ. ‘ಬೆಂಕಿ ದಂಡಿನ ಮನಿ’ ಎಂದು ಹೆಸರು.

ಕಾಕಾನ ಹೆಲ್ಮೆಟ್ಟು ನಿಮ್ಮಲ್ಲಿದೆಯೇ? ಇದ್ದರೆ ಕಳಿಸುತ್ತೀಯಾ ಎಂದು ಕೇಳಲು ಏಳು ಮಂದಿಯೂ ನನಗೆ ಹೇಳಿದ್ದಾರೆ. ಒಬ್ಬಳು ಮಾತ್ರ ಬೇಡ ಎನ್ನುತ್ತಾಳೆ. ಬೆಂಕಿಯಲ್ಲಿ ತೀರಿಕೊಂಡ ತಾಯಣ್ಣನ ಹೆಂಡತಿ ಅಯ್ಯಮ್ಮ. ಶೆಡ್ಡು ಬಳಿದು ಸಾರಿಸಿ ಚೊಕ್ಕ ಮಾಡಿದವಳೇ ಅವಳು. ತಾಯಣ್ಣನ ಬೂಟು ತಂದು ಕೊಟ್ಟಿದ್ದಾಳೆ, ಹೊಸದರಂತೆಯೇ ಇವೆ. “ಅವತ್ತ ಬೂಟು ಕಚ್ಚತಾವ ಅಂತ ಬಿಟ್ಟು ಚಪ್ಪಲಿ ಮ್ಯಾಲ ಹ್ವಾದ,” ಎಂದಳು. ಆಮೇಲೆ ರೇವಣಸಿದ್ದಣ್ಣನ ಕಡೆ ತಿರುಗಿ, “ಆ ಗುಡುಸಾಬನ ಟೊಪ್ಪಿಗಿ ಇಲ್ಲಿ ಬಂತಂದ್ರ ಈ ಬೂಟು ಹೊರಗ ಹೋಗ್ತಾವ. ಈಗಾ ಹೇಳೀನಿ,” ಎಂದಳು. ನೀನು ಇದನ್ನು ಬೇರೆಯವರಿಂದ ಕೇಳುವುದಕ್ಕಿಂತ ನಾನೇ ಹೇಳುವುದು ಒಳ್ಳೆಯದು.

ಕಾಕಾನಿಗೆ ನನ್ನ ನಮಸ್ಕಾರ ಹೇಳು. ಮಕ್ಕಳಿಗೆ ಆಶೀರ್ವಾದ.

ನಿನ್ನ
ದೇವಿಕಾ

ಮ.ಮ. (ಮರೆತ ಮಾತು): ಕೆಂಪು ಟ್ರ್ಯಾಕ್ಟರನ್ನೂ ಬೇವಿನ ಮರದ ಬುಡದಿಂದ ಎಳೆದು ತಂದು ತೊಳೆದು ನಿಲ್ಲಿಸಿದ್ದಾರೆ. ಅದರ ಮುಂದಿನ ಚೀಟಿಗೆ ಏನು ಬರೆಯಬೇಕೆಂದು ಅಯ್ಯಮ್ಮನೇ ಹೇಳಿದಳು: “೧೯೯೬ ಮಾರ್ಚ್ ೧೨ರಂದು ಚಾಲೂ ಆಗದ ಟ್ರ್ಯಾಕ್ಟರ್.” ಬರೆದು ಕೊಟ್ಟೆ. ಸೂಫಿ, ಆ ಚೀಟಿ ಸುಳ್ಳು. ಸುಳ್ಳೆಂದು ತಿಳಿದವರಲ್ಲಿ ಈಗ ಉಳಿದವರು ಇಬ್ಬರೇ, ನಿಮ್ಮ ಅಬ್ಬಾ ಮತ್ತು ನಾನು.

*

ರಾಯಚೂರು
೯ ಮಾರ್ಚ್ ೨೦೨೫, ಭಾನುವಾರ

ಪ್ರೀತಿಯ ಸೂಫಿಯಾ,

ನಿನ್ನ ಕಾರ್ಡು ಬಂದು ಮೂರು ವಾರವಾಯಿತು. “ಏನು ಸುಳ್ಳು? ಪೂರ್ತಿ ಬರಿ” ಎಂಬ ಎರಡು ಮಾತು ಬಿಟ್ಟು ಅದರಲ್ಲಿ ಏನೂ ಇಲ್ಲ, ಎಂದಿನಂತೆ ‘ದೇವಿ’ ಎಂದೂ ಕರೆದಿಲ್ಲ. ನೀನು ಉಪವಾಸವಿರುವ ದಿನಗಳಲ್ಲಿ ಇಂಥದ್ದನ್ನು ಬರೆಯುತ್ತಿದ್ದೇನೆ, ಕ್ಷಮಿಸು. ಇವತ್ತು ಬರೆಯದಿದ್ದರೆ ಇನ್ನು ಬರೆಯುವುದಿಲ್ಲವೆಂದು ಗೊತ್ತಿರುವುದರಿಂದ ಬರೆಯುತ್ತಿದ್ದೇನೆ. ಮಾನ್ವಿಗೂ ಹೋಗಿಲ್ಲ.

ಆ ದಿನ ನೀನು ಬಸ್ಸಿಗೆ ಕಾಲೇಜಿಗೆ ಹೋಗಿದ್ದೆ. ನಾನು ತಲೆನೋವೆಂದು ಉಳಿದೆ. ತಲೆನೋವು ಇರಲಿಲ್ಲ. ಲೈಬ್ರರಿಯಿಂದ ತಂದ ಕವಿತೆಯ ಪುಸ್ತಕವನ್ನು ಮರುದಿನ ವಾಪಸು ಕೊಡಬೇಕಿತ್ತು, ಇನ್ನೂ ಅರ್ಧ ಉಳಿದಿತ್ತು. ಅಪ್ಪ ಸಿರವಾರಕ್ಕೆ ಹೋಗಿದ್ದರು. ಅವ್ವ, ಅಜ್ಜಿ ಒಳಗೆ ಮಲಗಿದ್ದರು. ಪಡಸಾಲೆಯಲ್ಲಿ ನಾನು, ಪುಸ್ತಕ, ಫೋನು.

ದಂಡಿನ ನಿಯಮ ನಿನಗೂ ಗೊತ್ತು. ಫೋನು ನಮ್ಮ ಮನೆಗೆ ಬರುತ್ತಿತ್ತು. ಮನೆಯಲ್ಲಿ ಇದ್ದವರು ಎತ್ತಿ, ಯಾವ ಊರು, ಎಷ್ಟು ಹೊತ್ತು ಎಂದು ದಂಡಿನ ಪುಸ್ತಕದಲ್ಲಿ ಬರೆದು, ಸೈರನ್ ಒತ್ತಬೇಕು. ಮೊದಲು ಜೀಪು ಹೋಗಬೇಕು. ಅಲ್ಲಿಂದ ಎರಡನೇ ಸಲ ಫೋನ್ ಬಂದರೆ ಮಾತ್ರ ಟ್ರ್ಯಾಕ್ಟರು ಹೊರಡಬೇಕು, ಏಕೆಂದರೆ ಊರೊಳಗಿನ ಮಿಲ್ಲುಗಳಿಗೂ ಒಂದು ಟ್ಯಾಂಕು ನೀರು ಕಾವಲಿರಬೇಕಲ್ಲ.

ಎರಡು ಗಂಟೆಗೆ ಮೊದಲ ಫೋನ್ ಬಂತು. ಮಲ್ಲಟದ ದಾರಿಯಲ್ಲಿ ಒಂದು ಹಳ್ಳಿ, ಜೋಳದ ಸೊಪ್ಪಿಯ ಬಣವೆಗೆ ಬೆಂಕಿ. ಸೈರನ್ ಒತ್ತಿದೆ. ರೇವಣಸಿದ್ದಣ್ಣ, ತಾಯಣ್ಣ ಸೇರಿ ಆರು ಮಂದಿ ಜೀಪಿನಲ್ಲಿ ಹೋದರು. ಕಾಕಾ ಟ್ರ್ಯಾಕ್ಟರು ಚಾಲೂ ಮಾಡಿಕೊಂಡು ಅದರ ಮೇಲೆಯೇ ಕೂತರು. ಮತ್ತೊಮ್ಮೆ ಓದು, ಸೂಫಿ. ಚಾಲೂ ಮಾಡಿಕೊಂಡು ಕೂತರು. ಆ ಸದ್ದು ನಾನು ಓದುತ್ತಿದ್ದ ಜಾಗಕ್ಕೂ ಕೇಳುತ್ತಿತ್ತು.

ಎರಡೂ ಐವತ್ತಕ್ಕೆ ಮತ್ತೆ ಫೋನ್. ಹೆಂಗಸಿನ ದನಿ, ಏದುಸಿರು. “ದೊಡ್ಡದಾಗೇದ ಯವ್ವಾ, ಬೆಂಕಿ ದೊಡ್ಡದಾಗೇದ!” ಅಷ್ಟೇ. ಲೈನು ಕಟ್ಟಾಯಿತು.

ನಮ್ಮ ಅಜ್ಜಿ ಹಂಪಮ್ಮ ನಿನಗೆ ಗೊತ್ತಲ್ಲ. ನಮ್ಮ ಮನೆಯಲ್ಲಿ ದೀಪ ಎಂದೂ ‘ಆರುತ್ತಿರಲಿಲ್ಲ’. ‘ದೊಡ್ಡದಾಗುತ್ತಿತ್ತು’. ಆರಿತು ಎಂದರೆ ಮನೆಗೆ ಕೇಡು, ಅದಕ್ಕೆ ಬಾಯಲ್ಲಿ ಬೆಳಕನ್ನೇ ಹೇಳಬೇಕು. ದೇವರ ಮುಂದಿನ ದೀಪ ದೊಡ್ಡದಾಗುತ್ತಿತ್ತು, ಒಲೆಯ ಬೆಂಕಿಯನ್ನೂ “ದೊಡ್ಡದು ಮಾಡವ್ವ” ಎನ್ನುತ್ತಿದ್ದಳು, ಬಳೆ ಒಡೆದರೆ ‘ಹೆಚ್ಚಿತು’ ಎನ್ನುತ್ತಿದ್ದಳು. ಏಳು ವರ್ಷದವಳಿದ್ದಾಗ “ಅಜ್ಜಿ, ದೀಪ ಆರಿತು” ಎಂದು ಕೂಗಿದ್ದಕ್ಕೆ ಕಪಾಳಕ್ಕೆ ಹೊಡೆದು, ಆಮೇಲೆ ತಾನೇ ಅತ್ತಿದ್ದಳು. ಅಂಥ ಮನೆಯಲ್ಲಿ ಬೆಳೆದ ಕಿವಿ ನನ್ನದು. ಅರ್ಧ ಓದಿದ ಕವಿತೆಯ ನಡುವಿನಿಂದ ಎದ್ದು ಹೋದ ಕಿವಿ. ಆ ಹೆಂಗಸು ಬೆಂಕಿ ಬೆಳೆದಿದೆ ಎಂದು ಅರಚಿದಳು. ನಾನು ದಂಡಿನ ಪುಸ್ತಕದಲ್ಲಿ ಬರೆದೆ: “೨-೫೦. ಬೆಂಕಿ ಆರಿದೆ.”

ಶೆಡ್ಡಿಗೆ ಹೋಗಿ, “ಕಾಕಾ, ಆರಿತಂತ. ಬಂದ್ ಮಾಡ್ರಿ,” ಎಂದೆ.

“ಖರೇನವ್ವಾ? ಇಷ್ಟು ಲಗೂನ?”

“ಈಗ ಫೋನ್ ಬಂದಿತ್ತು.”

“ಶುಕ್ರ್ ಹೈ,” ಎಂದು ಇಂಜಿನ್ ಬಂದ್ ಮಾಡಿ ಬೀಡಿ ಹಚ್ಚಿದರು.

ಮುಂದಿನದು ನಿನಗೂ ಗೊತ್ತು. ಬಣವೆಯಿಂದ ಬೆಂಕಿ ಸಾಲುಮನೆಗಳಿಗೆ ಹಾರಿತು. ಜೀಪಿನ ನೀರು ಮುಗಿಯಿತು. ದಾರಿ ನೋಡಿ ನೋಡಿ ಸಾಕಾಗಿ ತಾಯಣ್ಣ ಕೊಟ್ಟಿಗೆಯಲ್ಲಿ ಕಟ್ಟಿದ್ದ ಎರಡು ಎಮ್ಮೆ ಬಿಡಿಸಲು ಒಳಗೆ ಹೋದ. ಎಮ್ಮೆ ಹೊರಗೆ ಬಂದವು. ಮಾಳಿಗೆ ಕುಸಿಯಿತು.

ಸಂಜೆ ಮಿಲ್ಲಿನ ಮುಂದೆ ಮಂದಿ ಸೇರಿದರು. ಆ ಹಳ್ಳಿಯವನೊಬ್ಬ, “ದೊಡ್ಡದಾಗೇದ ಅಂತ ಫೋನ್ ಮಾಡೀವಲ್ಲ, ಎರಡನೇ ಗಾಡಿ ಯಾಕ ಬರಲಿಲ್ಲ?” ಎಂದು ಕೂಗಿದ. ನಾನು ಪಡಸಾಲೆಯ ಪರದೆಯ ಹಿಂದಿದ್ದೆ. ಅಪ್ಪ ಹೊಸ್ತಿಲ ಮೇಲೆ ನಿಂತಿದ್ದರು, ಕೈಯಲ್ಲಿ ದಂಡಿನ ಪುಸ್ತಕ. ನಾನು ಬರೆದದ್ದನ್ನು ಓದಿದ್ದರು. ಅವರು ಬಾಯಿ ತೆರೆಯುವ ಮೊದಲೇ ಕಾಕಾ ಮುಂದೆ ಬಂದು, “ಫೋನ್ ಬಂದಿತ್ರಿ. ಗಾಡಿನ ಚಾಲೂ ಆಗಲಿಲ್ಲ,” ಎಂದರು. ಯಾಕೆ ಹಾಗೆಂದರೋ ನನಗೆ ಇಂದಿಗೂ ಗೊತ್ತಿಲ್ಲ. ಅಯ್ಯಮ್ಮ ಮಣ್ಣು ಬಾಚಿ ಅವರ ಮೇಲೆ ತೂರಿದಳು. ಅಪ್ಪ ಪುಸ್ತಕ ಮುಚ್ಚಿದರು.

ನಾನು ಪರದೆ ಸರಿಸಲಿಲ್ಲ. ಸರಿಸಲು ಎರಡು ಬೆರಳು ಸಾಕಾಗುತ್ತಿತ್ತು.

ಆಮೇಲೆ ಸಂತೆಗೆ ಹೋದರೂ “ಏನ್ ಗುಡುಸಾಬ, ಇವತ್ತರ ಚಾಲೂ ಆತೇನು?” ಎನ್ನುತ್ತಿದ್ದರು. ಸಣ್ಣ ಮಕ್ಕಳೂ ಹಿಂದಿನಿಂದ ಟ್ರ್ಯಾಕ್ಟರು ಕೆಮ್ಮಿದಂತೆ ಬಾಯಲ್ಲಿ ಸದ್ದು ಮಾಡಿ ಓಡಿಹೋಗುತ್ತಿದ್ದವು. ಎರಡು ವರ್ಷ ತಡೆದು ನೀವು ಊರು ಬಿಟ್ಟಿರಿ. ಬಸ್ ಸ್ಟ್ಯಾಂಡಿಗೆ ನಿನ್ನನ್ನು ಕಳಿಸಲು ಬಂದು ನಿನಗಿಂತ ಹೆಚ್ಚು ನಾನೇ ಅತ್ತೆ. ನನ್ನ ಸ್ನೇಹ ದೊಡ್ಡದೆಂದು ನೀನು ತಿಳಿದೆ. ಇಷ್ಟು ವರ್ಷ ಪತ್ರ ಬರೆಯುತ್ತ ನೀನು ಹಾಗೆಯೇ ತಿಳಿದುಕೊಂಡಿರುವಂತೆ ನೋಡಿಕೊಂಡೆ.

ಬಯ್ಯಬೇಕೆನಿಸಿದರೆ ಬಯ್ದು ಬರೆ. ಬರೆಯಬೇಕೆನಿಸದಿದ್ದರೂ ಸರಿ.

ದೇವಿಕಾ

ಮ.ಮ.: ಅಪ್ಪ ದಂಡಿನ ಆ ಪುಸ್ತಕವನ್ನು ಸುಟ್ಟಿರಬೇಕೆಂದುಕೊಂಡಿದ್ದೆ. ಮದುವೆಯಾಗಿ ಬಂದು ಟ್ರಂಕು ತೆರೆದಾಗ ಸೀರೆಗಳ ತಳದಲ್ಲಿ ಇತ್ತು. ಅವರು ಬದುಕಿರುವವರೆಗೂ ನಾವಿಬ್ಬರೂ ಅದರ ಮಾತೆತ್ತಲಿಲ್ಲ. ಈಗಲೂ ನನ್ನ ಬಳಿಯೇ ಇದೆ.

*

ಮಾನ್ವಿ
೬ ಏಪ್ರಿಲ್ ೨೦೨೫, ಭಾನುವಾರ

ಪ್ರೀತಿಯ ಸೂಫಿಯಾ,

ತಡವಾಗಿ ಈದ್ ಮುಬಾರಕ್. ನಿನ್ನ ಪತ್ರ, ಹಿಂದೆಯೇ ಹೆಲ್ಮೆಟ್ಟಿನ ಪಾರ್ಸೆಲ್ಲು ಎರಡೂ ಬಂದವು. ತಕ್ಷಣ ಉತ್ತರಿಸದೆ ಇದ್ದದ್ದು ಈ ಸಲ ಹೆದರಿಕೆಯಿಂದಲ್ಲ. ಇಲ್ಲಿ ಹೇಳಬೇಕಾದದ್ದನ್ನು ಹೇಳಿ ಮುಗಿಸಿ ಆಮೇಲೆ ನಿನಗೆ ಬರೆಯೋಣವೆಂದಿದ್ದೆ. ಈಗ ಶೆಡ್ಡಿನಲ್ಲೇ, ಟ್ರ್ಯಾಕ್ಟರಿನ ಪಕ್ಕದ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ.

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೆಂದು ಹೇಳುವುದಿಲ್ಲ. ನನ್ನ ಪತ್ರವನ್ನು ಕಾಕಾನಿಗೆ ಓದಿ ಹೇಳಿದಾಗ ಅವರು ನಕ್ಕರೆಂದು ಬರೆದಿದ್ದೀಯ. “ನನಗ ಅವತ್ತ ಸಂಜೀಕಾ ತಿಳೀತು. ಆ ಹಳ್ಳಿಯಾಂವ ‘ದೊಡ್ಡದಾಗೇದ’ ಅಂದ ಕೂಡಲೇ, ಇದು ಹಂಪಮ್ಮವ್ವನ ಮನಿ ಮಾತು, ಕೂಸು ಎಡವ್ಯಾಳ ಅಂತ ಹೊಳೀತು. ಮುಂದಿನ ಸೋಮವಾರ ಆಕಿನ್ನ ನೋಡಾಕ ಸಿಂಧನೂರಿನವರು ಬರವರಿದ್ರು. ಮನುಷ್ಯಾನ ಜೀವ ತಿಂದ ಹುಡಿಗಿ ಅಂತ ಹೆಸರು ಬಂದ್ರ ಯಾರು ಮಾಡ್ಕೊಂತಾರ? ಗಾಡಿಗೇನು, ಎಷ್ಟು ಬೈದ್ರೂ ಬೇಜಾರಿಲ್ಲ,” ಎಂದರಂತೆ. ಗಾಡಿಗೆ ಬೇಜಾರಿಲ್ಲ. ಡ್ರೈವರಿಗೆ?

ಅದರ ಕೆಳಗೆ ನೀನು ಒಂದೇ ಸಾಲು ಬರೆದಿದ್ದೀಯ. “ನಿನ್ನ ಲಗ್ನ ಉಳೀಲಿ ಅಂತ ಅಬ್ಬಾ ಸುಮ್ನಾದ್ರು. ಆ ಮೇ ತಿಂಗಳದಾಗ ನನ್ನದು ಮುರೀತು, ಯಾಕಂತ ನಿನಗ ಗೊತ್ತದ.”

ಗೊತ್ತಿತ್ತು. ಲಿಂಗಸುಗೂರಿನವರು “ಹೆದರಪುಕ್ಕನ ಮನೆ” ಎಂದು ಮಾತು ಮುರಿದರೆಂದು ನೀನು ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತಿದ್ದೆ. ನಾನು ನಿನ್ನ ತಲೆ ಸವರಿದೆ. ಆ ಕೈಯೇ ಪುಸ್ತಕದಲ್ಲಿ ಬರೆದ ಕೈ. ನೀನು ಮತ್ತೆ ಎಂಟು ವರ್ಷ ಕಾದೆ.

ಯುಗಾದಿಯ ಮರುದಿನ ರಜೆ ಇತ್ತು. ದಂಡಿನ ಪುಸ್ತಕ ತೆಗೆದುಕೊಂಡು ಬಂದೆ. ರೇವಣಸಿದ್ದಣ್ಣ, ಕಾವ್ಯಾ, ಅಯ್ಯಮ್ಮ ಇಲ್ಲಿಯೇ ಚಹಾ ಕುಡಿಯುತ್ತಿದ್ದರು. ಪುಟ ತೆರೆದು ಮೇಜಿನ ಮೇಲಿಟ್ಟು, ನಿನಗೆ ಬರೆದದ್ದನ್ನೆಲ್ಲ ಹೇಳಿದೆ.

ಮೊದಲು ಮಾತಾಡಿದವನು ರೇವಣಸಿದ್ದಣ್ಣ. ಎದ್ದು ಹೋಗಿ ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತ. “ದೇವಕ್ಕಾ, ಅದಕ್ಕ ಎರಡು ದಿನ ಮದಲ ನಾನಾ ಇದನ್ನ ಬಿಚ್ಚಿ ಜೋಡಿಸಿದ್ದೆ. ಡೀಜಲ್ ಪೈಪು ಸರಿ ಬಿಗದಿದ್ದಿಲ್ಲೇನೋ, ಗಾಳಿ ಹೊಕ್ಕಿರಬೇಕು, ನನ್ನಿಂದ ತಾಯಣ್ಣ ಹ್ವಾದ ಅಂತ ಇಷ್ಟು ವರ್ಷ... ನಮ್ಮಾಕಿಗೂ ಹೇಳಿಲ್ಲ ನಾ.” ಅವನ ಮಗಳು ಅಪ್ಪನ ಮುಖವನ್ನು ಹೊಸದಾಗಿ ಕಂಡವಳಂತೆ ನೋಡುತ್ತಿದ್ದಳು. ಸೂಫಿ, ಒಬ್ಬ ಕಾಕಾನನ್ನು ಮಾತ್ರ ಸುಟ್ಟೆನೆಂದುಕೊಂಡಿದ್ದೆ. ನನ್ನ ಲೆಕ್ಕಕ್ಕೇ ಸಿಗದವನೊಬ್ಬ ಇಷ್ಟು ಹತ್ತಿರ ನಿಂತಿದ್ದ.

ಅಯ್ಯಮ್ಮ ಪುಟದ ಮೇಲೆ ಬೆರಳಿಟ್ಟು, “ಇದಾ ಏನು?” ಎಂದಳು. ಅವಳಿಗೆ ಓದಲು ಬರುವುದಿಲ್ಲ. ಓದಿ ಹೇಳಿದೆ. ಬೆರಳು ತೆಗೆದು ಚಹಾದ ಕಪ್ಪು ಪಕ್ಕಕ್ಕಿಟ್ಟಳು. ಆಮೇಲೆ ಹೇಳಿದ್ದನ್ನು ಇದ್ದಂತೆಯೇ ಬರೆಯುತ್ತೇನೆ.

“ನಿಮ್ಮ ಮನ್ಯಾಗ ದೀಪ ದೊಡ್ಡದಾಗತಿತ್ತೇನವ್ವಾ? ನಮ್ಮ ಮನ್ಯಾಗ ಚಿಮಣಿ ಇತ್ತು. ಎಣ್ಣಿ ತೀರಿದ್ರ ಅದು ಆರತಿತ್ತು. ಆರಿತು ಅಂತಿದ್ವಿ. ಏನೂ ಆಗಲಿಲ್ಲ ನಮಗ, ಹಂಗ ಅಂದಿದ್ದಕ್ಕ.”

ಅಷ್ಟು ಹೇಳಿ ಬೂಟುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟುಹೋದಳು. ನಾನು ಹಿಂದೆ ಹೋಗಲು ಎದ್ದಾಗ ಕಾವ್ಯಾ ತೋಳು ಹಿಡಿದು, “ಬ್ಯಾಡ್ರಿ ಅಕ್ಕಾರ, ಈಗ ಬ್ಯಾಡ,” ಎಂದಳು.

ಆರು ದಿನ ಅವಳು ಈ ಕಡೆ ಸುಳಿಯಲಿಲ್ಲ. ಇವತ್ತು ನಾನು ಬಸ್ಸಿಳಿದು ಬಂದಾಗ ಶೆಡ್ಡು ಗುಡಿಸಿತ್ತು, ಬೂಟು ತಮ್ಮ ಜಾಗದಲ್ಲಿದ್ದವು. ನನ್ನ ಕಡೆ ನೋಡದೆ, ಕಸಬರಿಗೆಗೆ ಹೇಳುವವಳಂತೆ ಹೇಳಿದಳು: “ಗುಡುಸಾಬನ ಟೊಪ್ಪಿಗಿ ಬೂಟಿನ ಬಾಜೂಕ ಇಡು. ಆ ಚೀಟಿ ಹರದು ಒಗಿ. ಹೊಸಾದು ಬರಿ, ನಿನ್ನ ಹೆಸರ್ಲೆ ಬರಿ.” ಸ್ವಲ್ಪ ಹೊತ್ತಿನ ಮೇಲೆ, “ಆತಗ ಬರಹೇಳು. ಇಷ್ಟು ವರ್ಷ ಸಾಪ ಹಾಕೀನಿ ಆತಗ. ಎದುರಿಗಿ ನಿಂತು ಎಲ್ಲಾ ವಾಪಸ್ ತಗೋಬೇಕು,” ಎಂದಳು. ಆ ಶಾಪ ನನ್ನ ಮೇಲೆ ಹಾಕುತ್ತೀಯಾ ಎಂದು ನಾನು ಕೇಳಲಿಲ್ಲ. ಚಹಾ ತಂದಾಗ ನನಗೂ ಒಂದು ಕಪ್ಪು ಇಟ್ಟಳು, ಕೈಗೆ ಕೊಡಲಿಲ್ಲ, ನೆಲದ ಮೇಲೆ ಇಟ್ಟಳು. ಕುಡಿದೆ.

ಹೊಸ ಚೀಟಿ ಹೀಗಿದೆ. “ಈ ಟ್ರ್ಯಾಕ್ಟರ್ ೧೯೯೬ ಮಾರ್ಚ್ ೧೨ರಂದು ಚಾಲೂ ಇತ್ತು. ಡ್ರೈವರ್ ಗುಡುಸಾಬ ಹೊರಡಲು ಸಿದ್ಧರಾಗಿ ಇದರ ಮೇಲೆ ಕೂತಿದ್ದರು. ‘ಬೆಂಕಿ ದೊಡ್ಡದಾಗಿದೆ’ ಎಂದು ಬಂದ ಫೋನನ್ನು ನಾನು ‘ಆರಿದೆ’ ಎಂದು ತಿಳಿದು ಅವರನ್ನು ತಡೆದೆ. ತಪ್ಪನ್ನು ಅವರು ತಮ್ಮ ಮೇಲೆ ಹಾಕಿಕೊಂಡರು. – ದೇವಿಕಾ, ಮಿಲ್ಲಿನ ವಿರೂಪಣ್ಣನವರ ಮಗಳು.” ರೇವಣಸಿದ್ದಣ್ಣ ಓದಿ ಕಣ್ಣೊರೆಸಿಕೊಂಡು, “ಇದೊಂದು ಸಣ್ಣದು ಮಾಡಬ್ಯಾಡ,” ಎಂದ.

ಕಾಕಾನನ್ನು ಕರೆದುಕೊಂಡು ಇಪ್ಪತ್ತನೇ ತಾರೀಕು ಬಾ ಎನ್ನಲು ನನಗೆ ಬಾಯಿಲ್ಲ. ಅಯ್ಯಮ್ಮ ಕರೆದಿದ್ದಾಳೆ, ದಂಡಿನ ಏಳು ಮಂದಿ ಕರೆದಿದ್ದಾರೆ ಎಂದು ಮಾತ್ರ ಹೇಳುತ್ತೇನೆ. ರೇವಣಸಿದ್ದಣ್ಣ ಇಂಜಿನ್ ಸರಿಮಾಡುತ್ತಿದ್ದಾನೆ, ಕಾಕಾ ಟ್ರ್ಯಾಕ್ಟರು ಹತ್ತಿ ಕೀಲಿ ತಿರುಗಿಸಬೇಕಂತೆ, ರಿಬ್ಬನ್ನು ಪಬ್ಬನ್ನು ಏನೂ ಇಲ್ಲ. ಇಂಜಿನ್ ಸದ್ದಿನೊಂದಿಗೇ ಬಾಗಿಲು ತೆರೆಯಬೇಕೆಂದು ತೀರ್ಮಾನವಾಗಿದೆ.

ಕಾಕಾನ ಆಯಸ್ಸು ಹೆಚ್ಚಲಿ. ನಿನ್ನ ಮಗಳ ಓದು, ಮಗನ ಅಂಗಡಿ ಎರಡೂ ಏಳಿಗೆಯಾಗಲಿ. ನಿನಗೆ ಏನು ಹಾರೈಸಬೇಕೋ ನನಗೆ ಗೊತ್ತಾಗುತ್ತಿಲ್ಲ. ನೀನು ಇನ್ನೊಮ್ಮೆ ನನಗೆ ಬರೆಯುವಷ್ಟು ಮನಸ್ಸು ನಿನಗೆ ಬರಲಿ ಎಂದು ನನಗೆ ನಾನೇ ಹಾರೈಸಿಕೊಳ್ಳುತ್ತೇನೆ.

ದೇವಿಕಾ

ಮ.ಮ.: ಲಕೋಟೆ ಅಂಟಿಸಿದ್ದೆ. ಮತ್ತೆ ಹರಿದಿದ್ದೇನೆ.

ಒಂದು ಮಾತನ್ನು ತಪ್ಪಾಗಿ ತಿಳಿದೆ ಎಂದು ನಿನಗೆ ಬರೆದೆ, ಇಲ್ಲಿ ಹೇಳಿದೆ, ಈಗ ಗೋಡೆಗೂ ಹಾಕುತ್ತಿದ್ದೇನೆ. ಕೇಳಿದವರೆಲ್ಲ ಅಜ್ಜಿಯನ್ನು, ಮನೆಯ ರೂಢಿಯನ್ನು ನೆನೆದು ನನ್ನನ್ನು ಅರ್ಧ ಕ್ಷಮಿಸಿಬಿಡುತ್ತಾರೆ. ಕಾಕಾ ಪೂರ್ತಿಯೇ ಕ್ಷಮಿಸಿದರು. ಅದು ನಿಜವೇ. ಆದರೆ ಅಷ್ಟೇ ಅಲ್ಲ.

ಆ ದಿನ ಶೆಡ್ಡಿನಿಂದ ಬಂದು ನಾನು ಮತ್ತೆ ಕವಿತೆಯ ಪುಸ್ತಕ ಹಿಡಿದೆ. ಮೂರು ಗಂಟೆ ಐದು ನಿಮಿಷಕ್ಕೆ ಫೋನ್ ಮತ್ತೆ ಬಂತು. ಕವಿತೆಯ ಕೊನೆಯ ಪುಟದಲ್ಲಿದ್ದೆ. ಬೆಂಕಿ ಆರಿದೆಯಲ್ಲ, ಇನ್ನೇನು ಇದ್ದೀತು, ಉಪಕಾರವಾಯಿತೆಂದು ಹೇಳಲು ಮಾಡಿರಬೇಕು, ಈ ನಾಲ್ಕು ಸಾಲು ಮುಗಿಸಿ ಎತ್ತಿದರಾಯಿತು ಎಂದುಕೊಂಡೆ. ಫೋನು ನನ್ನ ಕೈಗೆಟಕುವಷ್ಟು ಹತ್ತಿರವಿತ್ತು. ಹನ್ನೊಂದು ಸಲ ಬಡಿದುಕೊಂಡು ನಿಂತಿತು. ಕಾಕಾನ ಬೀಡಿ ಇನ್ನೂ ಮುಗಿದಿರಲಿಲ್ಲ, ಇಂಜಿನ್ ಇನ್ನೂ ಬಿಸಿ ಇತ್ತು. ಸಂಜೆ ಆ ಹಳ್ಳಿಯವನು, “ಮತ್ತೊಮ್ಮಿ ಮಾಡಿದ್ವಿ, ಯಾರೂ ಎತ್ತಲಿಲ್ಲ,” ಎಂದೂ ಹೇಳಿದ. ಆ ಗದ್ದಲದಲ್ಲಿ ಅದನ್ನು ಕೇಳಿಸಿಕೊಂಡವಳು ಪರದೆಯ ಹಿಂದಿದ್ದ ನಾನೊಬ್ಬಳೇ.

ಇದನ್ನು ಕಾಕಾನಿಗೆ ಓದಿ ಹೇಳು. ಅವರು ಕಾಪಾಡಿದ್ದು ಎಡವಿದ ಕೂಸನ್ನಲ್ಲ, ಇದನ್ನು ತಿಳಿದ ಮೇಲೂ ಬರುವುದಾದರೆ ಬರಲಿ. ಬಾರದಿದ್ದರೆ ಯಾಕೆಂದು ಇಲ್ಲಿ ಎಲ್ಲರಿಗೂ ನಾನೇ ಹೇಳುತ್ತೇನೆ. ಅಯ್ಯಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆ. ಈ ಪತ್ರ ಪೆಟ್ಟಿಗೆಗೆ ಹಾಕುವ ಮೊದಲು ಅವಳಿಗೆ ಹೇಳಬೇಕು. ಫೋನಿಗೆ ಗಂಟೆ ಜೋಡಿಸು ಎಂದು ಕಾವ್ಯಾಳಿಗೆ ಆಗಲೇ ಹೇಳಿದೆ. ಎಷ್ಟು ಸಲ ಬಾರಿಸಬೇಕ್ರಿ ಎಂದು ಕೇಳಿದಳು. ಹನ್ನೊಂದು ಎಂದೆ.

ಆ ಕವಿತೆ ಯಾವುದೆಂದು ನೀನು ಕೇಳಬಹುದು. ಎಷ್ಟೋ ಕವಿತೆ ಬಾಯಿಗೆ ಬರುವ ನನಗೆ ಅದರ ಒಂದು ಸಾಲೂ ನೆನಪಿಲ್ಲ.